ಹನ್ನೊಂದು ನಲವತ್ತೆರಡರ ಸದ್ದು

ಗಾಜಿನ ಗೂಡಿನೊಳಗೆ ನಮಗಿರುವುದು ಒಂದೇ ಕಟ್ಟಳೆ:
ಯಾರು ಮಾತಾಡಿದರೂ ‘ನಾನು’ ಎನ್ನಬೇಕು.
ಅವರು ಹೇಳಿದರು, ಇವಳು ಅಂದಳು ಎನ್ನಕೂಡದು.
ಮೈಕಿನ ಕೆಂಪು ದೀಪ ಹೊತ್ತಿದ ಮೇಲೆ
ಓದೀಲ್ ಕಬೋರೆ ಎಂಬಾಕೆ ಇಲ್ಲ;
ಇರುವುದು ಅವಳ ಗಂಟಲು ಮಾತ್ರ.

ಹಾಗೆ ಇಪ್ಪತ್ತೆರಡು ವರ್ಷ
ಜಿನೀವಾದ ಈ ಸಭಾಂಗಣದ ನೆತ್ತಿಯ ಮೇಲೆ ಕೂತು
ನಾನು ಮಂತ್ರಿಯಾಗಿದ್ದೇನೆ, ರಾಯಭಾರಿಯಾಗಿದ್ದೇನೆ,
ಪೊಲೀಸ್ ಇಲಾಖೆಯ ಅಂಕಿಅಂಶವಾಗಿದ್ದೇನೆ.
‘ನಮ್ಮ ದೇಶದಲ್ಲಿ ಅಂಥ ಭೇದವೇ ಇಲ್ಲ’ ಎಂದು
ಎಷ್ಟು ದೇಶಗಳ ಪರವಾಗಿ ಹೇಳಿದೆನೋ, ಲೆಕ್ಕವಿಟ್ಟಿಲ್ಲ.
ಹೇಳುವಾಗ ದನಿ ನಡುಗಬಾರದು. ನಡುಗಿಲ್ಲ.
ಸಂಜೆ ಹದಿನೈದನೇ ನಂಬರಿನ ಟ್ರಾಮಿನಲ್ಲಿ
ಟಿಕೆಟ್ ತಪಾಸಣೆಯವನು ಇಡೀ ಡಬ್ಬಿ ದಾಟಿ
ನೇರ ನನ್ನ ಬಳಿಗೇ ಬಂದು ನಿಂತಾಗ
(ಪಾಸು ತೋರಿಸಿದೆ, ಇನ್ನೊಮ್ಮೆ ತೋರಿಸಿದೆ)
ಆಗಲೂ ನಡುಗಿಲ್ಲ. ರೂಢಿ.

ಆ ಮಂಗಳವಾರ ಬಂದವಳು ಇರೆನ ಗಜಿಯೋವಾ,
ಕಾರ್ಪೇಥಿಯನ್ ಬೆಟ್ಟದಾಚೆಯ ರೋಮಾ ಕೇರಿಯವಳು.
ಸಂಘಟನೆಗೆ ತಲಾ ಮೂರು ನಿಮಿಷ.
ಅವಳ ಭಾಷೆಗೆ ಇಲ್ಲಿ ಗೂಡಿಲ್ಲ;
ಪಕ್ಕದ ಹುಡುಗನ ತೊದಲು ಇಂಗ್ಲಿಷ್ ದಾಟಿ
ನನ್ನ ಕಿವಿ ಸೇರುವಷ್ಟರಲ್ಲಿ ಅವಳ ಮಾತು
ಕೈಯಿಂದ ಕೈಗೆ ಹೋದ ರೊಟ್ಟಿಯಂತೆ
ಅರ್ಧ ಆರಿರುತ್ತದೆ.

‘ನನ್ನ ಮಗಳಿಗೆ ಏಳು ವರ್ಷ,’ ಎಂದೆ ನಾನು, ಫ್ರೆಂಚಿನಲ್ಲಿ.
(ನನಗೆ ಮಗಳಿಲ್ಲ.)
‘ಶಾಲೆಗೆ ಎರಡು ಬಾಗಿಲು. ನಮ್ಮವರದು ಹಿಂದಿನದು,
ಕಲ್ಲಿದ್ದಲು ಕೋಣೆಯ ಪಕ್ಕ.
ಊಟ ಒಂದೇ ಎನ್ನುತ್ತಾರೆ. ಹೌದು, ಊಟ ಒಂದೇ.
ಅವರುಂಡ ಮೇಲೆ ನಾವು.
ಚಮಚಗಳು ಬೆರೆಯದಿರಲೆಂದು
ನಮ್ಮವುಗಳ ಹಿಡಿಗೆ ಹಸಿರು ಬಣ್ಣ ಬಳಿದಿದ್ದಾರೆ.
ಮಗಳು ಕೇಳುತ್ತಾಳೆ: ಅಮ್ಮಾ,
ನನಗೆ ಹಸಿರು ಇಷ್ಟ ಅಂತ ಅವರಿಗೆ ಹೇಗೆ ಗೊತ್ತಾಯಿತು?’

ಇಲ್ಲಿಗೆ ಎರಡು ನಿಮಿಷ ನಲವತ್ತು ಸೆಕೆಂಡು.
ಅಧ್ಯಕ್ಷರು ಪೆನ್ನೆತ್ತಿ ಗಡಿಯಾರದ ಕಡೆ ತೋರಿದರು.
ಆಕೆ ಮಾತು ನಿಲ್ಲಿಸಿ ಕೈಚೀಲ ತಡಕಾಡಿದಳು,
ತೆಗೆದು ಮೇಜಿನ ಮೇಲೆ ಇಟ್ಟಳು,
ಇಟ್ಟಳೋ, ಕೈಜಾರಿತೋ,
ತೆರೆದ ಮೈಕಿನ ಪಕ್ಕದಲ್ಲೇ
ಠಣ್.

ಆರು ಗೂಡುಗಳಲ್ಲಿ ಆರು ಬಾಯಿ ತೆರೆದವು,
ತೆರೆದಂತೆಯೇ ಉಳಿದವು.
ಏನಂತ ಹೇಳುವುದು? ಯಾರ ‘ನಾನು’ ಅದು?
ಅರಬ್ಬಿ ಕೇಳುವವರಿಗೂ ಚೀನೀ ಕೇಳುವವರಿಗೂ
ಅದೇ ಸದ್ದು, ಆರದೆ, ನೇರ ಕಿವಿಯೊಳಕ್ಕೆ.
ಒಬ್ಬ ಪ್ರತಿನಿಧಿ ಹೆಡ್‌ಫೋನು ತೆಗೆದು ಕಿವಿ ಉಜ್ಜಿಕೊಂಡ.
ದೀಪ ಆರುವ ಮುನ್ನ ‘ಧನ್ಯವಾದ’ ಎಂದರು ಅಧ್ಯಕ್ಷರು.
‘ಧನ್ಯವಾದ’ ಎಂದೆ ನಾನು.

ಮುಂದಿನ ವಾರ ಸಮಿತಿಯ ಷರಾ ಹೊರಬಿತ್ತು.
ಹತ್ತೊಂಬತ್ತನೇ ಪ್ಯಾರಾ: ಕಳವಳದಿಂದ ಗಮನಿಸುತ್ತದೆ.
ಕರಡಿನಲ್ಲಿ ‘ತೀವ್ರ ಕಳವಳ’ ಎಂದಿತ್ತಂತೆ;
‘ತೀವ್ರ’ದ ಮೇಲೆ ಎರಡು ಗಂಟೆ ಚರ್ಚೆ ನಡೆದು
ಅದು ಬಿದ್ದುಹೋಯಿತು.
ನಗಬೇಡಿ. ಕಳವಳ ಉಳಿಯಿತಲ್ಲ.
ಇಂಥ ಬಡಕಲು ಸಾಲೊಂದನ್ನೇ ಹಿಡಿದು
ಯಾವುದೋ ಜಿಲ್ಲೆಯ ಕೋರ್ಟಿನ ಮೆಟ್ಟಿಲು ಹತ್ತಿ
ಗೆದ್ದು ಇಳಿದವರಿದ್ದಾರೆ.
ನಾನು ಕಂಡಿದ್ದೇನೆ, ಒಂದೆರಡು ಸಲ.

ಹೇಳಲು ಮರೆತೆ: ಆ ಮಂಗಳವಾರ ರಾತ್ರಿಯೇ
ದಾಖಲೆ ವಿಭಾಗದ ಕೆರ್ಟು ಫೋನು ಮಾಡಿದ್ದಳು.
‘ಟೇಪಿನಲ್ಲಿ ಹನ್ನೊಂದು ನಲವತ್ತೆರಡಕ್ಕೆ ಏನೋ ಸದ್ದಿದೆ.
ಮಾತಲ್ಲ. ಯಾವ ಗೂಡಿನಲ್ಲೂ ಅನುವಾದವಿಲ್ಲ.
ಕೇಳಿಸಲಿಲ್ಲ ಎಂದು ಬರೆದುಬಿಡಲೇ? ಅದೇ ಪದ್ಧತಿ.’

ಒಲೆಯ ಮೇಲೆ ಹಾಲಿತ್ತು.
ಕಲಕುತ್ತಿದ್ದ ಚಮಚ ಎತ್ತಿ ಹಿಡಿದು
ಎಲ್ಲಿಡುವುದೆಂದು ತಿಳಿಯದೆ ನಿಂತೆ.
ಗೂಡಿನ ಹೊರಗೆ, ಕೆಂಪು ದೀಪವಿಲ್ಲದೆ,
ನನ್ನ ಪರವಾಗಿ ನಾನೇ ಮಾತಾಡಿ ಎಷ್ಟು ದಿನವಾಗಿತ್ತೋ,
ದನಿ ಕೊಂಚ ನಡುಗಿತು:

‘ಬೇಡ, ಕೆರ್ಟು. ನನಗೆ ಕೇಳಿಸಿತು.’